ಮತ್ತೆ ಭಾರ ಹೊತ್ತ ಗೋಡೆ

ಮೂವತ್ತೆರಡು ವರ್ಷಗಳ ಹಿಂದೆ ನನ್ನ ಕೈಯಾರೆ ಕಟ್ಟಿದ ಶಾಲೆಯ ಗೋಡೆಯನ್ನು ರಸ್ತೆ ಅಗಲ ಮಾಡಲು ಕೆಡವಿದಾಗ, ಎರಡು ದಿನ ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಮೂರನೇ ದಿನ ಆ ಇಟ್ಟಿಗೆ ಚೂರುಗಳನ್ನೇ ಎಂಜಿನಿಯರಾದ ನನ್ನ ಸೊಸೆ ಲಾರಿಯಲ್ಲಿ ತನ್ನ ಲ್ಯಾಬಿಗೆ ತರಿಸಿಕೊಂಡಳು. ಅವನ್ನು ಇನ್ನಷ್ಟು ಒಡೆಸಿ, ಜಲ್ಲಿಯ ಬದಲು ಕಾಂಕ್ರೀಟಿಗೆ ಹಾಕಿ, ಒಳಗೆ ಕಬ್ಬಿಣ ಕಟ್ಟಿ ಹಗುರವಾದ ಬೀಮ್ ಮಾಡುತ್ತಾಳಂತೆ. ಗಾಯದ ಮೇಲೆ ಬರೆ ಎಂದರೆ ಇದೇ.

"ಇಟ್ಟಿಗೆ ಚೂರು ಗುಂಡಿ ಮುಚ್ಚೋಕೆ ಲಾಯಕ್ಕು, ಬೀಮಿಗಲ್ಲ," ಎಂದು ಊಟಕ್ಕೆ ಕೂತಾಗಲೆಲ್ಲ ಹಂಗಿಸಿದೆ. ನನ್ನ ಬಾಯಿ ಮೊದಲಿಂದಲೂ ಹಾಗೇ.

ಬೀಮ್ ಎಂಟು ಟನ್ ಹೊರಬೇಕಿತ್ತು. ಅವಳ ಮೊದಲ ಎರಡೂ ಐದಕ್ಕೇ ಮುರಿದವು. ಮೂರನೆಯದೂ ಹಾಗಾದರೆ ಈ ಕೆಲಸ ನಿಲ್ಲಿಸಿಬಿಡಿ ಎಂದರಂತೆ ಲ್ಯಾಬಿನ ಸಾಹೇಬರು. ಆ ಸಂಜೆ ಅವಳು ತಟ್ಟೆಯಲ್ಲಿದ್ದುದನ್ನು ಮುಟ್ಟದೆ ಎದ್ದಳು; ನನಗೂ ಹಂಗಿಸುವ ಮನಸ್ಸಾಗಲಿಲ್ಲ.

ಮರುದಿನ ನಾನೇ ಲ್ಯಾಬಿಗೆ ಹೋದೆ. ಚೂರುಗಳು ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ್ದವು.

"ಇದನ್ನ ಹೀಗೇ ಹಾಕಿದ್ಯಾ?"

"ಹೌದು ಮಾವ. ಎಷ್ಟು ನೀರು ಹೀರುತ್ತೆ ಅಂತ ಲೆಕ್ಕ ಹಾಕಿ, ಕಲಸುವಾಗ ಅಷ್ಟು ಜಾಸ್ತಿ ಹಾಕಿದ್ದೆ."

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಸುಮ್ನೆ ಹೇಳ್ತಾರಾ! ಇಟ್ಟಿಗೆ ಕುಡಿಯೋದು ನಿಧಾನ ಕಣಮ್ಮಾ. ಅಷ್ಟರಲ್ಲಿ ನಿನ್ನ ಸಿಮೆಂಟು ಸಾರಿನ ಥರ ನೀರಾಗಿರುತ್ತೆ. ಒಂದು ದಿನ ಪೂರ್ತಿ ನೆನೆಹಾಕು. ಗೋಣಿ ಮೇಲೆ ಹರಡಿ, ಮೇಲಿನ ಪಸೆ ಆರಿದ್ಮೇಲೆ ಕಲಸು. ಗೋಡೆ ಕಟ್ಟೋ ಮುಂಚೆ ನಾವು ಇಟ್ಟಿಗೆ ನೆನೆಸಲ್ವಾ?"

ಅವಳು ಮುಖ ಊದಿಸಲಿಲ್ಲ. ಪುಸ್ತಕ ತೆಗೆದು ಒಂದಕ್ಷರ ಬಿಡದೆ ಬರೆದುಕೊಂಡಳು.

ಎರಕ ಹಾಕಿ ಇಪ್ಪತ್ತೆಂಟು ದಿನವಾದ ಮೇಲೆ ಮೂರನೇ ಬೀಮನ್ನು ಭಾರ ಹಾಕಿ ನೋಡುವ ಯಂತ್ರಕ್ಕೆ ಏರಿಸಿದರು. ಎಂದಿನ ಬೀಮಿಗೆ ಆರು ಜನ ಬೇಕಾಗುತ್ತಿತ್ತು, ಇದಕ್ಕೆ ಐವರೇ ಸಾಕಾದರು. ಐದು ಟನ್ ದಾಟಿತು. ಏಳಕ್ಕೆ ಕೂದಲೆಳೆಯಷ್ಟು ಬಿರುಕು ಕಾಣಿಸಿದಾಗ ಸೊಸೆ ನನ್ನ ತೋಳು ಹಿಡಿದುಕೊಂಡಳು. ಎಂಟು. ಬೀಮ್ ಜಗ್ಗಲಿಲ್ಲ.

"ಪಾಸಾಯ್ತು ಮೇಸ್ತ್ರಿಗಳೇ," ಎಂದರು ಸಾಹೇಬರು. "ಆದ್ರೆ ಮುರಿಯೋವರೆಗೂ ಭಾರ ಹಾಕ್ಬೇಕು. ಅದು ನಿಯಮ."

ಸೊಸೆ ಮೆಲ್ಲಗೆ, "ನೀವು ಹೊರಗಿರಿ ಮಾವ. ನಿಮ್ಮ ಗೋಡೇನ ಇನ್ನೊಂದ್ಸಲ ಒಡೆಯೋದು ನೋಡ್ಬೇಡಿ," ಎಂದಳು.

ನಾನು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡೆ. ಹೆಮ್ಮೆಯಿಂದ ಜೋರಾಗಿಯೇ ಕೂಗಿದೆ. "ಹಾಕ್ರೀ ಭಾರ! ಎಷ್ಟು ಹೊರುತ್ತೆ ಅಂತ ನಾನೂ ನೋಡೇಬಿಡ್ತೀನಿ."

ಹನ್ನೊಂದೂವರೆ ಟನ್. ಅದು ಮುರಿದ ಸದ್ದಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು.