ಎಡಗೈಯ ಕಾಜಾ

ಬ್ಲೇಡು ಗೆರೆಯ ತುದಿ ಮುಟ್ಟಿದ ಮೇಲೆಯೇ ಅಸ್ಗರ್ ಕಟ್ಟಿ ಹಿಡಿದಿದ್ದ ಉಸಿರು ಬಿಟ್ಟದ್ದು. ಮುಂದಿನ ಮಣೆಯ ಮೇಲೆ ಅಳಿಯನಾಗುವವನ ಶೇರ್ವಾನಿ ಹರಡಿತ್ತು. ಬಟ್ಟೆ ಅಲುಗಾಡದಂತೆ ಅದರ ಮೇಲೆ ಹಳೆಯ ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ಹೇರಿದ್ದರು. ಬಲಗೈ ಮಾಡಬೇಕಾದ ಕೆಲಸವನ್ನು ಈಗ ಆ ಕಬ್ಬಿಣ ಮಾಡುತ್ತಿತ್ತು. ಬಲಗೈ ಮಾತ್ರ ಯಾರೋ ಬಿಟ್ಟುಹೋದ ಸಾಮಾನಿನಂತೆ ತೊಡೆಯ ಮೇಲೆ ಬಿದ್ದಿತ್ತು.

ಮದುಮಗನಿಗೆ ಹೆಣ್ಣಿನ ಮನೆಯಿಂದ ಜೋಡಾ, ಅಂದರೆ ಮದುವೆಯ ಉಡುಪು, ಹೋಗುವುದು ಅವರಲ್ಲಿ ಪದ್ಧತಿ. ಭಾನುವಾರ ಮಗಳು ರಿಮ್ಶಾಳ ನಿಕಾಹ್. ಅವಳಿನ್ನೂ ತೊಟ್ಟಿಲಲ್ಲಿದ್ದಾಗಲೇ ಅಸ್ಗರ್ ಹೇಳಿಬಿಟ್ಟಿದ್ದರು, ನನ್ನ ಅಳಿಯನ ಶೇರ್ವಾನಿಗೆ ಕಾಜಾ ನನ್ನದೇ ಅಂತ. ಆಗ ಹೇಳುವುದು ಸುಲಭವಿತ್ತು. ಶಿವಾಜಿನಗರದ ಟೈಲರುಗಳು ಶೇರ್ವಾನಿ ಹೊಲಿದು, ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲಿ ಹೆಣೆಸಲು ಇವರ ಹತ್ತಿರ ಕಳಿಸುತ್ತಿದ್ದ ಕಾಲ ಅದು. ಆಮೇಲೆ ಮೆಷಿನ್ ಬಂತು. ಅದರ ಹಿಂದೆಯೇ ಲಕ್ವಾ ಬಂದು ಬಲಭಾಗವನ್ನು ಹೊಡೆದು ಹಾಕಿತು. ಆಸ್ಪತ್ರೆಯಿಂದ ತಂದವರು ಏಣಿಯಷ್ಟು ಕಡಿದಾದ ಮೆಟ್ಟಿಲ ಮೇಲೆ ಅವರನ್ನು ಹೆಗಲ ಮೇಲೆ ಹೊತ್ತು ಈ ಮಹಡಿ ಕೋಣೆಗೆ ಹತ್ತಿಸಿದರು. ಅಂದಿನಿಂದ ಅವರು ಕೆಳಗೆ ಇಳಿದಿಲ್ಲ. ಕಿಟಕಿಯಲ್ಲಿ ಎದುರುಮನೆಯ ಗೋಡೆ, ವೈರುಗಳ ಸಿಕ್ಕು, ಅದರಾಚೆ ಒಂದು ಚೂರು ಆಕಾಶ. ಇಷ್ಟೇ ಅವರ ಪಾಲಿಗೆ ಉಳಿದ ಬೆಂಗಳೂರು.

ಕೆಳಗಿನ ಅಂಗಡಿಯಲ್ಲಿ ಮಗ ಮುದಸ್ಸಿರ್‌ನ ಕಾಜಾ ಮೆಷಿನ್ ಇಡೀ ದಿನ ಗೊರಗುಟ್ಟುತ್ತಿತ್ತು. ಇವರು ಒಂದು ಹೊಲಿಗೆ ಹಾಕುವಷ್ಟರಲ್ಲಿ ಅದು ಒಂದು ಕಾಜಾ ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿತ್ತು. ಆದರೂ ಅಸ್ಗರ್ ಹಿಡಿದದ್ದು ಉಡದ ಪಟ್ಟು. ಎಡಗೈಗೆ, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ, ತಿಂಗಳುಗಟ್ಟಲೆ ಹೊಲಿಗೆ ತಿದ್ದಿಸಿದರು. ಮೊದಮೊದಲು ಹೆಣೆದ ಕಾಜಾಗಳು ಕಂಬಳಿಹುಳುಗಳಂತಿದ್ದವು. ನೋಡಲು ಬಂದ ನೆಂಟರು ಚಹಾ ಕುಡಿದು, ನಗು ನುಂಗಿಕೊಂಡು ಹೋದರು. ಅಸ್ಗರ್ ಸಿಟ್ಟಾಗಲಿಲ್ಲ. ಇನ್ನೊಂದು ಸೂಜಿ ಪೋಣಿಸು ಎಂದು ಹೆಂಡತಿ ಶಕೀಲಾಗೆ ಹೇಳಿದರು, ಅಷ್ಟೇ. ಬೇರೆ ಬಟ್ಟೆಯಲ್ಲಿ ಕಲಿತರೆ ಪ್ರಯೋಜನವಿಲ್ಲ, ಈ ಜರಿಬಟ್ಟೆಯ ಎಳೆ ಜಾರುವುದೇ ಬೇರೆ ಎಂದು ಹಠ ಹಿಡಿದು, ಶೇರ್ವಾನಿ ಕತ್ತರಿಸಿ ಮಿಕ್ಕ ತುಂಡುಗಳನ್ನೆಲ್ಲ ಅಭ್ಯಾಸಕ್ಕೇ ಮುಗಿಸಿದ್ದರು.

ಇವತ್ತು ಕೈ ಮಾತು ಕೇಳಿತು. ಸೀಳಿನ ಅಂಚಿಗೆ ದಪ್ಪ ದಾರ ಕೂರಿಸಿ, ಮೇಣ ಸವರಿದ ರೇಷ್ಮೆಯೆಳೆಯಲ್ಲಿ ಹೊಲಿಗೆಯ ಪಕ್ಕ ಹೊಲಿಗೆ ಹಾಕುತ್ತಾ ಹೋದರು. ಕತ್ತು ನೋಯಿತು, ಬೆವರು ಕಣ್ಣಿಗಿಳಿಯಿತು. ಅವರು ತಲೆ ಎತ್ತಲಿಲ್ಲ. ಕೊನೆಯ ಗಂಟು ಹಾಕಿ ಹೆಬ್ಬೆರಳಿನಿಂದ ಸವರಿದರು. ಒಂದು ಹೊಲಿಗೆಯೂ ಎದ್ದಿರಲಿಲ್ಲ. ಗಟ್ಟಿಯಿದ್ದ ಕಾಲದಲ್ಲೂ ಇಂಥದ್ದು ಹೆಣೆದ ನೆನಪು ಅವರಿಗಿರಲಿಲ್ಲ. ಸಂತೋಷ ತಡೆಯಲಾರದೆ, "ಶಕೀಲಾ!" ಎಂದು ಕೂಗಿದರು.

ಶಕೀಲಾ ಹಿಟ್ಟಿನ ಕೈ ಒರೆಸಿಕೊಂಡು ಬಂದಳು. "ಮಾಶಾಅಲ್ಲಾಹ್, ಏನ್ ಚೆನ್ನಾಗ್ ಬಂದೈತೆ ರೀ!" ಎಂದು ಇಸ್ತ್ರಿಪೆಟ್ಟಿಗೆ ಸರಿಸಿ, ಶೇರ್ವಾನಿಯನ್ನು ಹೆಗಲು ಹಿಡಿದು ಎತ್ತಿ ತನ್ನ ಮೈಗೆ ಹಿಡಿದುಕೊಂಡಳು. ತಲೆ ಬಗ್ಗಿಸಿ ನೋಡಿದವಳ ಮುಖ ಹಾಗೇ ನಿಂತುಹೋಯಿತು.

"ರೀ... ಇದು ಬಲಗಡೆ ಪಟ್ಟಿ ಅಲ್ವಾ?"

ಗಂಡಸರ ಉಡುಪಿಗೆ ಕಾಜಾ ಎಡಪಟ್ಟಿಗೆ, ಹೆಂಗಸರದ್ದಕ್ಕೆ ಬಲಪಟ್ಟಿಗೆ. ಟೈಲರಂಗಡಿಯಲ್ಲಿ ಗುಂಡಿ ಹೆಕ್ಕುವ ಹುಡುಗನಿಗೂ ಗೊತ್ತಿರುವ ವಿಷಯ. ಎಡಗೈಗೆ ಕಲಿಸುವಾಗ ಅಸ್ಗರ್ ಎಲ್ಲವನ್ನೂ ತಿರುಗುಮುರುಗು ಮಾಡಿಕೊಂಡಿದ್ದರು: ದಾರ ಬರುವ ಕಡೆ, ಮಣೆ ಇಡುವ ಕಡೆ, ಕೂರುವ ಕಡೆ. ಅದೇ ಗುಂಗಿನಲ್ಲಿ ಕೈ ಶೇರ್ವಾನಿಯ ಪಟ್ಟಿಯನ್ನೂ ತಿರುಗಿಸಿಬಿಟ್ಟಿತ್ತು. ಅತಿ ಗಮನದಲ್ಲೇ ಆದ ತಪ್ಪು. ಪಟ್ಟಿ ಬದಲಿಸೋಣವೆಂದರೆ ಅದೇ ಬಟ್ಟೆಯ ಒಂದು ಅಂಗೈಯಗಲದ ತುಂಡೂ ಮನೆಯಲ್ಲಿ ಉಳಿದಿರಲಿಲ್ಲ. ಮಿಕ್ಕಿದ್ದೆಲ್ಲ ಕಂಬಳಿಹುಳು ಹೊತ್ತುಕೊಂಡು ಡಬ್ಬಿಯಲ್ಲಿತ್ತು.

ಶಕೀಲಾ ಕರೆದಳೆಂದು ಮುದಸ್ಸಿರ್ ಮೇಲೆ ಬಂದ. ಕೊರಳಲ್ಲಿ ಟೇಪು, ತುಟಿಯಲ್ಲಿ ಗುಂಡುಸೂಜಿ. ನೋಡಿದ. ಬೈಯಲಿಲ್ಲ. ಬೈದಿದ್ದರೆ ಅಸ್ಗರ್‌ಗೆ ಎಷ್ಟೋ ಹಗುರಾಗುತ್ತಿತ್ತು.

"ಹೋಗ್ಲಿ ಬಿಡಿ ಅಬ್ಬಾ. ಬಲಪಟ್ಟಿ ಒಳಗಡೆ ಹೋಗತ್ತಲ್ಲ, ಮೇಲೆ ಎಡಪಟ್ಟಿ ಬಂದ್ರೆ ಮುಚ್ಕೊಳುತ್ತೆ. ಗುಂಡಿ ಕೂತ್ರೆ ಯಾರ್ಗೂ ಕಾಣಲ್ಲ. ಮಿಕ್ಕಿದ್ದು ನಾನು ಮೆಷಿನ್‌ನಲ್ಲಿ ಹೊಡೆದ್ಬಿಡ್ತೀನಿ, ಐದೇ ನಿಮಿಷ."

"ನಕ್ಕೋ," ಎಂದರು ಅಸ್ಗರ್. ಬೇಡ ಎನ್ನುವ ಆ ಒಂದು ಮಾತು ಮಾತ್ರ ಲಕ್ವಾ ಹೊಡೆದ ನಾಲಿಗೆಯಲ್ಲೂ ಯಾವಾಗಲೂ ಸ್ಪಷ್ಟವಾಗಿ ಬರುತ್ತಿತ್ತು.

"ಹಠ ಮಾಡ್ಬೇಡಿ. ಸಾಕು, ಇಷ್ಟ್ ಮಾಡಿದ್ರಲ್ಲ. ಇನ್ನೊಂದ್ ಕಡೆ ಬ್ಲೇಡ್ ಜಾರಿದ್ರೆ ಭಾನುವಾರ ಮದುಮಗನಿಗೆ ಏನ್ ಹಾಕ್ಸೋಣ?"

"ಮುಚ್ಚಿಬಿಡ್ತೀಯಾ?" ಮಾತು ಎಳೆದೆಳೆದು ಬಂತು. "ಕಾಣದ ಹಾಗೆ? ನನ್ನ... ಇಲ್ಲಿ ಮೇಲೆ ಇಟ್ಟಿದ್ದೀರಲ್ಲ, ಹಾಗೆ?"

ಶಕೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದಸ್ಸಿರ್ ಶೇರ್ವಾನಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೊದಲು ಸುಮ್ಮನೆ, ಅಪ್ಪನ ಮುಖ ತಪ್ಪಿಸಲು. ಆಮೇಲೆ ಕಣ್ಣು ಕಾಜಾದ ಮೇಲೆ ನಿಂತಿತು. ಅದನ್ನು ಹೊರಳಿಸಿ ಹಿಂಬದಿ ನೋಡಿದ. ಎರಡೂ ಬದಿ ಒಂದೇ ಥರ. ತುಟಿಯ ಗುಂಡುಸೂಜಿ ತೆಗೆದು ಅಂಗಿಗೆ ಚುಚ್ಚಿಕೊಂಡ. ಅಷ್ಟೂ ತಿಂಗಳು ಅವನು ಡಬ್ಬಿಯ ಕಂಬಳಿಹುಳುಗಳನ್ನು ಮಾತ್ರ ನೋಡಿದ್ದ, ಅದೂ ನೋಡಿ ಮರುಗಿದ್ದ.

"ಮುದಸ್ಸಿರ್! ನನ್ ಸಫಾರಿ ಕಾಜಾ ಆಯ್ತಾ ಗುರೂ?" ಕೆಳಗಿನಿಂದ ಕೆಂಪರಾಜ್ ಕೂಗಿದರು. ಹಲಸೂರಿನಿಂದ ಬರುವ ಹಳೆಯ ಗಿರಾಕಿ, ಅವಸರದ ಮನುಷ್ಯ.

"ಇವತ್ತಾಗಲ್ಲ ಅಣ್ಣ. ನಾಳೆ ಬನ್ನಿ."

"ಮೆಷಿನ್ ಕೆಟ್ಟೋಯ್ತಾ?"

ಮುದಸ್ಸಿರ್ ಶೇರ್ವಾನಿಗೆ ಎರಡೂ ತೋಳು ತೂರಿಸಿ ಮೈಮೇಲೆ ಹಾಕಿಕೊಂಡ. ಎಡಗೈಯಿಂದ ಎದೆ ಮುಟ್ಟಿ, "ಇದು ಎಡ," ಎಂದು ತನಗೇ ಹೇಳಿಕೊಂಡ. ಸೀಮೆಸುಣ್ಣದ ಬಿಲ್ಲೆಯಿಂದ ಪಟ್ಟಿಯ ಮೇಲೆ ಗೆರೆಗಳನ್ನೆಳೆದ. ಆಮೇಲೆ ಅದನ್ನು ಬಿಚ್ಚಿ ಮಣೆಯ ಮೇಲೆ ಹರಡಿ, ಅಪ್ಪನ ಬಲಗಡೆ ನೆಲದ ಮೇಲೆ ಕುಳಿತ.

ಶಕೀಲಾ ಸೂಜಿ ಪೋಣಿಸಿ ದಿಂಬಿಗೆ ಚುಚ್ಚತೊಡಗಿದಳು. ಅಸ್ಗರ್ ಬ್ಲೇಡು ಎತ್ತಿಕೊಂಡರು. ಇಸ್ತ್ರಿಪೆಟ್ಟಿಗೆ ಎಳೆದುಕೊಳ್ಳಲು ಕೈ ಚಾಚಿದರೆ ಅದು ಸಿಗಲಿಲ್ಲ. ಮಗ ಅದನ್ನು ಗೋಡೆಯ ಕಡೆಗೆ ದೂಡಿ, ಅದಿದ್ದ ಜಾಗದಲ್ಲಿ ತನ್ನ ಬಲಗೈ ಊರಿದ್ದ.

"ಅಷ್ಟ್ ಎಳೀಬೇಡ," ಎಂದರು ಅಸ್ಗರ್. "ಸಡಿಲ ಬಿಡು."

ಮುದಸ್ಸಿರ್ ಬೆರಳು ಸಡಿಲಿಸಿದ. ಕೆಳಗೆ ಮೆಷಿನ್ ಸುಮ್ಮನಿತ್ತು. ಬ್ಲೇಡಿನ ತುದಿ ಬಿಳಿ ಗೆರೆಯ ಮೇಲೆ ನಿಂತು, ನಡುಗಿ, ಮತ್ತೆ ನಿಂತಿತು.