ಗುರುಗುಟ್ಟಬೇಡ ಎಂದು ಕಲಿಸಿದ ಮನೆ

ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಹಿಂದೆ, ಬಿಸಿ ಇನ್ನೂ ಆರದ ಬೂದಿಗುಡ್ಡೆಯ ಪಕ್ಕದಲ್ಲಿ ನಾನು ಹುಟ್ಟಿದೆ. ಐದು ಮರಿಗಳಲ್ಲಿ ನಾನೊಬ್ಬಳೇ ಬಿಳಿ. ಆದರೆ ಹೊಗೆ ಮಸಿಯಲ್ಲಿ ಹೊರಳಿ ಹೊರಳಿ ನನ್ನ ಬಣ್ಣ ಯಾವುದೆಂದು ನನ್ನ ತಾಯಿಗೂ ಗೊತ್ತಿರಲಿಲ್ಲವೇನೋ. ಭಟ್ಟಿಯ ಹೆಂಗಸರು ಮಂಡಕ್ಕಿ ಜರಡಿ ಹಿಡಿಯುವಾಗ ಕೆಳಗೆ ಉದುರಿದ್ದೇ ನಮ್ಮ ಊಟ. ಒಂದು ದಿನ ಗೋಣಿಚೀಲ ಹಿಡಿದ ಮನುಷ್ಯನೊಬ್ಬ ಬಂದು ನನ್ನ ಒಡಹುಟ್ಟಿದವರನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡು ಹೋದ. ನಾನು ಗೋಡೆಯ ಬಿರುಕಿನಲ್ಲಿ ಸೇರಿಕೊಂಡಿದ್ದರಿಂದ ಉಳಿದೆ. ಅಂದಿನಿಂದ, ನನ್ನ ಕಡೆ ಯಾವ ಕೈ ಬಂದರೂ ಅದರ ಹಿಂದೆ ಒಂದು ಚೀಲ ಇದ್ದೇ ಇರುತ್ತದೆ ಎಂದು ನಂಬಿದೆ.

ಬಾಲ ಹೋದದ್ದು ಒಂದು ವರ್ಷದ ಮೇಲೆ. ದೀಪಾವಳಿಯ ಮರುದಿನ ಬೆಳಿಗ್ಗೆ ಬಿಸಿಲಿಗೆ ಮಲಗಿದ್ದಾಗ ಯಾರೋ ಹಿಂದಿನಿಂದ ಬಂದು ಬಾಲಕ್ಕೆ ಪಟಾಕಿ ಸರ ಕಟ್ಟಿದರು. ಅವರ ಮುಖ ನಾನು ನೋಡಲೇ ಇಲ್ಲ. ನಗು ಮಾತ್ರ ಕೇಳಿಸಿತು. ಅರ್ಧ ಬಾಲ ಸುಟ್ಟುಹೋಯಿತು, ಉಳಿದರ್ಧದಲ್ಲಿ ಕೀವು ತುಂಬಿತು. ಚರಂಡಿಯ ಒಳಗೆ ಇಳಿದು, ಹತ್ತಿರ ಬಂದವರಿಗೆಲ್ಲ ಹಲ್ಲು ತೋರಿಸುತ್ತಾ ಬಿದ್ದುಕೊಂಡೆ.

ಅಲ್ಲಿ ನನ್ನನ್ನು ಕಂಡವಳು ಪಂಕಜಾಕ್ಷಿ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದವಳು. ಮಂಡಕ್ಕಿ ಕೊಳ್ಳಲು ಬಂದವಳು ಮೂರು ದಿನ ಬರೀ ನನಗಾಗಿ ಬಂದಳು. ಚರಂಡಿಯ ಅಂಚಿನಲ್ಲಿ ಮೊಸರನ್ನ ಇಟ್ಟು, ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದಳು. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನಾಲ್ಕನೇ ದಿನ ದುಪ್ಪಟಿಯಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು, 'ಡಾಕ್ಟರ ಹತ್ರ ಹೋಗಣ ಬಾ' ಎಂದಳು. ದಾರಿಯಲ್ಲಿ ಅವಳ ಅಂಗೈಗೆ ಬಾಯಿ ಹಾಕಿದೆ. ಅವಳು ಕೈ ಹಿಂತೆಗೆಯಲಿಲ್ಲ, ಹೊಡೆಯಲೂ ಇಲ್ಲ. ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದಳು. ಮನುಷ್ಯರು ಆಡಿದ ಮಾತು ನಿಜವಾದದ್ದನ್ನು ನಾನು ಕಂಡದ್ದು ಅದೇ ಮೊದಲು.

ಪಶು ಆಸ್ಪತ್ರೆಯ ಡಾಕ್ಟರಮ್ಮನ ಹೆಸರು ಫರ್ಜಾನಾ. ಗಾಯಕ್ಕೆ ಔಷಧಿ ಹಚ್ಚಿ, ಸೂಜಿ ಚುಚ್ಚಿದ ಮೇಲೆ ಪಂಕಜಾಕ್ಷಿಯನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಮನೆಗೆ ಜನ ಬಂದರೆ ಮೊದಲು ಇದನ್ನು ಹಿಂದಿನ ಕೋಣೆಗೆ ಕಳಿಸಬೇಕು. ಬಂದವರು ಇದರ ಕಣ್ಣನ್ನೇ ನೋಡಬಾರದು, ಮೇಲಿಂದ ಬಗ್ಗಿ ತಲೆ ಸವರಬಾರದು. ಮಕ್ಕಳ ಜೊತೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು. ಬಾಲದ ಹತ್ತಿರ ಯಾರ ಕೈಯೂ ಹೋಗಬಾರದು. ಇಷ್ಟೆಲ್ಲ ಹೇಳಿ, ಎದ್ದು ನಿಂತ ಮೇಲೆ ಇನ್ನೊಂದು ಮಾತು ಹೇಳಿದರು.

"ಗುರ್ ಅಂದ್ರೆ ಮಾತ್ರ ಬೈಬೇಡಿ. ನಂಗೆ ಭಯ ಆಗ್ತಿದೆ, ದೂರ ಇರಿ ಅಂತ ಹೇಳೋಕೆ ಅದಕ್ಕಿರೋದು ಅದೊಂದೇ ಮಾತು."

ಆ ಮನೆಯಲ್ಲಿ ನನಗೆ ಮಂಡಕ್ಕಿ ಎಂದೇ ಹೆಸರಾಯಿತು. ಹೆಸರಿಟ್ಟವಳು ಪಂಕಜಾಕ್ಷಿಯ ಹತ್ತು ವರ್ಷದ ಮಗಳು ಇಂಚರ. ಅವಳ ಅಪ್ಪ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಪಂಕಜಾಕ್ಷಿ ರವಿಕೆಯ ಚೂರುಗಳನ್ನೆಲ್ಲ ಕೂಡಿಸಿ ನನಗೊಂದು ಹಾಸಿಗೆ ಹೊಲಿದಳು. ಗೇಟಿಗೆ ಗಂಟೆ ಕಟ್ಟಿದಳು. ಗಂಟೆಯಾದ ಕೂಡಲೇ ನಾನು ಹಿಂದಿನ ಕೋಣೆಗೆ ಹೋಗಬೇಕು, ಹೋದರೆ ಒಂದು ಚೂರು ಚಪಾತಿ. ಅಳತೆ ಕೊಡಲು ಬಂದ ಹೆಂಗಸರು ಮೊದಮೊದಲು ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಇಂಚರ ಕೋಣೆಯ ಬಾಗಿಲಲ್ಲಿ ಕೂತು ಶೇಂಗಾ ಉರುಳಿಸಿ ಕಾಯುತ್ತಿದ್ದಳು. ನಾನು ಗುರ್ ಅಂದರೆ ಎದ್ದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಹೇಳಿದರೆ ಕೇಳುವವರಿದ್ದಾರೆ ಎಂದು ಗೊತ್ತಾದ ಮೇಲೆ, ಹೇಳುವ ಅಗತ್ಯವೇ ಕಮ್ಮಿಯಾಯಿತು. ಆರು ತಿಂಗಳಿಗೆ ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿದೆ. ಅಂಥ ಎರಡು ವರ್ಷ ನನಗೆ ಸಿಕ್ಕಿತು.

ಆಮೇಲೆ ಪಂಕಜಾಕ್ಷಿಯ ಅಣ್ಣ ಬಂದ.

ಅವನ ಹೆಸರು ತಿಪ್ಪೇರುದ್ರಪ್ಪ. ತಂಗಿ ತನ್ನಿಷ್ಟದವನನ್ನು ಮದುವೆಯಾದಳೆಂದು ಹದಿನಾಲ್ಕು ವರ್ಷ ಅವಳ ಹೊಸ್ತಿಲು ತುಳಿದಿರಲಿಲ್ಲ. ಊರಲ್ಲೇ ಇದ್ದರೂ, ಎದುರು ಸಿಕ್ಕರೂ ಮುಖ ತಿರುಗಿಸುತ್ತಿದ್ದನಂತೆ. ಅವನು ಗೇಟಿನ ಬಳಿ ನಿಂತು 'ಪಂಕಜಾ' ಅಂದಾಗ ಅವಳು ಯಂತ್ರದ ಮೇಲಿನ ಬಟ್ಟೆಯನ್ನು ಹಾಗೇ ಬಿಟ್ಟು ಓಡಿದಳು. ನನ್ನನ್ನು ಕೋಣೆಗೆ ಕಳಿಸುವುದನ್ನು ಅವತ್ತು ಮರೆತಳು. ಅವನು ನೇರ ಒಳಗೆ ಬಂದು ನನ್ನ ತಲೆಯ ಮೇಲೆ ಕೈ ಚಾಚಿದ. ನಾನು ಗುರ್ ಅಂದೆ.

ಮನೆಗೆ ಬಂದ ಅಣ್ಣನಿಗೆ ನಾಯಿಯಿಂದ ಮರ್ಯಾದೆ ಮಾಡಿಸಿದಿಯಾ ಎಂದು ಅವನು ನಕ್ಕ. ಆ ನಗು ಪಂಕಜಾಕ್ಷಿಗೆ ಚುಚ್ಚಿತು. ನಾಯಿಯನ್ನು ಹೀಗೆ ತಲೆ ಮೇಲೆ ಕೂರಿಸಿಕೊಂಡರೆ ನಾಳೆ ಮನೆಗೆ ಯಾರೂ ಬರುವುದಿಲ್ಲ, ನಾನೂ ಬರುವುದಿಲ್ಲ ಎಂದ. ಕೋಣೆಗೆ ಕಳಿಸುವುದೆಲ್ಲ ಬೇಡ, ಗುರ್ ಅಂದಾಗೆಲ್ಲ ಮೂತಿಗೆ ಒಂದು ಕೊಡು, ವಾರದಲ್ಲಿ ದಾರಿಗೆ ಬರುತ್ತದೆ ಎಂದ. ಮೊದಲ ಏಟು ಅವನದು. ಮರುದಿನದ ಏಟು ಪಂಕಜಾಕ್ಷಿಯದು. ಬಟ್ಟೆ ಅಳೆಯುವ ಮರದ ಸ್ಕೇಲಿನಿಂದ ಹೊಡೆದಳು. ಜೋರಾಗಿ ಹೊಡೆಯಲಿಲ್ಲ. ಆದರೆ ಹೊಡೆಯುವಾಗ ಅವಳು ನನ್ನನ್ನಲ್ಲ, ಅಣ್ಣನ ಮುಖವನ್ನು ನೋಡುತ್ತಿದ್ದಳು. ಡಾಕ್ಟರಮ್ಮ ಬೇಡ ಅಂದಿದ್ದರಲ್ಲಮ್ಮ ಎಂದು ಇಂಚರ ಅತ್ತಳು. ಮಾವ ಬರುವುದು ನಿನಗೆ ಬೇಡವಾ ಎಂದು ತಾಯಿ ಅವಳನ್ನೇ ಗದರಿದಳು.

ಹತ್ತು ದಿನಕ್ಕೆ ನಾನು ಕಲಿತೆ. ಭಯ ಹೋಗಲಿಲ್ಲ. ಅದನ್ನು ಹೇಳಬಾರದೆಂದು ಕಲಿತೆ. ಜನ ಬಂದರೆ ಗೋಡೆಗೆ ಅಂಟಿಕೊಂಡು, ಬಾಯಿ ಬಿಗಿದು ಕೂರುತ್ತಿದ್ದೆ. ನೋಡು, ಹೇಗೆ ಸಾಧುವಾಯಿತು ಎಂದು ತಿಪ್ಪೇರುದ್ರಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ.

ಒಂದು ಭಾನುವಾರ ಅವನು ಮನೆಮಂದಿಯನ್ನೆಲ್ಲ ಊಟಕ್ಕೆ ಕರೆತಂದ. ಪಂಕಜಾಕ್ಷಿ ಹೋಳಿಗೆ ಮಾಡಿದ್ದಳು, ಬೆಳಗಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ. ಅವನ ಮೊಮ್ಮಗಳು ಮಾನ್ಯಳಿಗೆ ನಾಲ್ಕು ವರ್ಷ. ಆ ಮಗು ನನ್ನನ್ನು ದೂರದಿಂದ ನೋಡಿ ತಾತನ ಕಾಲಿನ ಹಿಂದೆ ನಿಂತಿತು. ಅದಕ್ಕೂ ಭಯ, ನನಗೂ ಭಯ. ನಮ್ಮಿಬ್ಬರನ್ನೂ ಹಾಗೇ ಬಿಟ್ಟಿದ್ದರೆ ಸಾಕಾಗಿತ್ತು. ತಿಪ್ಪೇರುದ್ರಪ್ಪ ಮಗುವನ್ನು ಎತ್ತಿ ನನ್ನ ಪಕ್ಕದಲ್ಲಿ ಕೂರಿಸಿ, ಒಂದು ಕೈಯಲ್ಲಿ ನನ್ನ ಕೊರಳ ಪಟ್ಟಿ ಹಿಡಿದುಕೊಂಡು, ಫೋಟೋ ತೆಗೆಯಿರಿ ಎಂದು ಹೇಳಿದ.

ನಾನು ಮುಖ ತಿರುಗಿಸಿದೆ. ತುಟಿ ನೆಕ್ಕಿಕೊಂಡೆ. ಆಕಳಿಸಿದೆ. ಗುರುಗುಟ್ಟುವುದನ್ನು ಬಿಟ್ಟು ನನಗೆ ಗೊತ್ತಿದ್ದ ಮಾತುಗಳನ್ನೆಲ್ಲ ಆಡಿದೆ. ಅಡುಗೆಮನೆಯ ಬಾಗಿಲಲ್ಲಿ ಪಂಕಜಾಕ್ಷಿ ತಟ್ಟೆ ಹಿಡಿದು ನಿಂತಿದ್ದಳು. ನಾನು ಅವಳನ್ನೇ ನೋಡಿದೆ. ಈ ಮಾತುಗಳೆಲ್ಲ ಅವಳಿಗೆ ಬರುತ್ತಿದ್ದವು.

ಬಾಲ ಮುಟ್ಟಬೇಡಿ ಮಾವ ಎಂದು ಇಂಚರ ಕೂಗುವಷ್ಟರಲ್ಲಿ ಅವನು ನನ್ನ ಮೋಟು ಬಾಲವನ್ನು ಎತ್ತಿ, ಮಗುವಿನ ಕೈಗೆ ಕೊಟ್ಟು, "ನೋಡು ಪುಟ್ಟಿ, ಏನೂ ಮಾಡಲ್ಲ ಇದು" ಎಂದ.

ಕಚ್ಚಿದೆ. ಹಿಡಿದದ್ದು ಯಾರ ಕೈ ಎಂದು ನೋಡಲಿಲ್ಲ, ಹಿಂದೆ ಕೈ ಇತ್ತು ಅಷ್ಟೆ. ಮಗುವಿನ ಮುಂಗೈಗೆ ನಾಲ್ಕು ಹೊಲಿಗೆ ಬಿತ್ತು. ಅದರ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ತಪ್ಪು ನನ್ನದಲ್ಲ ಎಂದು ನಾನು ಯಾವತ್ತೂ ಹೇಳಿಕೊಂಡಿಲ್ಲ. ನನ್ನದೊಂದೇ ಅಲ್ಲ ಎಂದು ಮಾತ್ರ ಹೇಳುತ್ತೇನೆ.

ಹುಚ್ಚು ಹಿಡಿದಿದೆಯೇ ಎಂದು ನೋಡಲು ಹತ್ತು ದಿನ ನನ್ನನ್ನು ಹಿತ್ತಲಲ್ಲಿ ಕಟ್ಟಿ ಹಾಕಿದರು. ಹತ್ತನೇ ದಿನ ಫರ್ಜಾನಾ ಡಾಕ್ಟರಮ್ಮ ನನ್ನನ್ನು ನೋಡಲು ಬಂದರು. ತಿಪ್ಪೇರುದ್ರಪ್ಪನೂ ಬಂದು ಕಟ್ಟೆಯ ಮೇಲೆ ಕೂತಿದ್ದ. ಕಚ್ಚುವ ಮೊದಲು ಗುರ್ ಅಂದಿತ್ತಾ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ ಎಂದಳು ಪಂಕಜಾಕ್ಷಿ. ಮುಂಚೆ ಅನ್ನುತ್ತಿತ್ತಲ್ಲ, ಈಗ ಯಾಕಿಲ್ಲ ಎಂದರು. ಅವಳು ಅಣ್ಣನ ಕಡೆ ನೋಡಿದಳು. ಡಾಕ್ಟರಮ್ಮ ನನ್ನ ಬಾಲದ ಕಡೆ ನೋಡಿದರು.

"ಯಾರಾದ್ರೂ ಬಾಲ ಮುಟ್ಟಿದ್ರಾ, ಪಂಕಜಾಕ್ಷಿ?"

ಇಂಚರ ಬಾಯಿ ತೆರೆದಳು. ತಾಯಿಯ ಕೈ ಅವಳ ಭುಜದ ಮೇಲೆ ಬಂದು ಬಿಗಿಯಿತು.

"ಯಾರೂ ಮುಟ್ಟಲಿಲ್ಲ ಮೇಡಂ. ಸುಮ್ನೆ ಕೂತಿತ್ತು, ಇದ್ದಕ್ಕಿದ್ದಂಗೆ ಹಾರ್ತು."

ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ಸ್ಕೇಲಿನ ಏಟು ನಾನು ಮರೆಯಬಲ್ಲೆ. ಮೂರು ದಿನ ಚರಂಡಿಯ ಪಕ್ಕ ಬೆನ್ನು ತಿರುಗಿಸಿ ಕೂತಿದ್ದವಳು, ನನ್ನ ಒಂದೊಂದು ಸನ್ನೆಯನ್ನೂ ಓದಬಲ್ಲವಳು, ಎಲ್ಲವನ್ನೂ ಕಣ್ಣಾರೆ ಕಂಡವಳು ಆ ಮಾತು ಹೇಳಿದಳಲ್ಲ, ಅದು ಮರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಆಟೋ ಬಂತು. ಚೂರು ಬಟ್ಟೆಯ ಹಾಸಿಗೆಯನ್ನು ಮಡಚಿ ಒಳಗಿಟ್ಟು, "ಬಾರೇ ಮಂಡಕ್ಕಿ, ಡಾಕ್ಟರ ಹತ್ರ ಹೋಗಣ" ಎಂದಳು. ನಾನು ನಂಬಿ ಹತ್ತಿದೆ. ಆಟೋ ಆಸ್ಪತ್ರೆಯ ಮುಂದೆಯೇ ಹೋಯಿತು, ನಿಲ್ಲಲಿಲ್ಲ. ಹರಿಹರದ ದಾರಿಯಲ್ಲಿ ಒಂದು ಮರದ ಡಿಪೋ ಬಂತು. ಅಲ್ಲಿಯ ಕಾವಲುಗಾರನ ಕೈಗೆ ಹಗ್ಗ ಕೊಟ್ಟು, ಮಕ್ಕಳನ್ನು ಹತ್ತಿರ ಬಿಡಬೇಡಿ ಎಂದಷ್ಟೇ ಹೇಳಿ ಹೋದಳು. ಆಟೋ ತಿರುಗುವವರೆಗೂ ನಾನು ಮೋಟು ಬಾಲ ಆಡಿಸುತ್ತಾ ನಿಂತಿದ್ದೆ.

ಕಾವಲುಗಾರ ದುರುಗಪ್ಪ ಹೆಚ್ಚು ಮಾತಿನ ಮನುಷ್ಯನಲ್ಲ. ನನ್ನನ್ನು ಮುದ್ದಿಸಲೂ ಇಲ್ಲ, ಬೈಯಲೂ ಇಲ್ಲ. ದಿಮ್ಮಿಗಳ ಸಂದಿಯಲ್ಲಿ ನಾನು ಮಲಗುವ ಜಾಗ ಆರಿಸಿಕೊಂಡಾಗ ತನ್ನ ಮಂಚವನ್ನೇ ಎರಡು ಮಾರು ಆಚೆ ಎಳೆದುಕೊಂಡ. ವರ್ಷವಾದ ಮೇಲೆ ಒಮ್ಮೆ ಅವನು ನನ್ನ ಬೆನ್ನ ಹಿಂದಿನಿಂದ ಬಂದ. ನನಗೇ ಗೊತ್ತಾಗದಂತೆ ಗಂಟಲಿನಿಂದ ಗುರ್ ಎಂದು ಬಂತು. ಏಟಿಗೆ ಕಾದು ತಲೆ ತಗ್ಗಿಸಿದೆ. "ಗೊತ್ತಾತು ಬಿಡು" ಎಂದು ಅವನು ಸುತ್ತಿಕೊಂಡು ಹೋದ.

ಐದು ವರ್ಷ ಕಳೆದು ನನ್ನ ಮೂತಿ ನರೆತ ಮೇಲೆ, ಒಂದು ಮಧ್ಯಾಹ್ನ ಪಂಕಜಾಕ್ಷಿ ಮಗಳೊಂದಿಗೆ ಬಂದಳು. ಇಂಚರ ತಾಯಿಗಿಂತ ಎತ್ತರವಾಗಿದ್ದಳು. ಅವಳು ದೂರದಲ್ಲೇ ನೆಲದ ಮೇಲೆ ಕೂತಳು. ನಾನು ನಿಧಾನವಾಗಿ ಹೋಗಿ ಅವಳ ಮೊಣಕಾಲು ಮೂಸಿದೆ. ಪಂಕಜಾಕ್ಷಿ ನನ್ನ ಹೆಸರು ಹಿಡಿದು ಕರೆದಳು. ದನಿ ಗುರುತು ಸಿಕ್ಕಿತು. ಅವಳ ಹತ್ತಿರ ಹೋಗಲಿಲ್ಲ.

ಅವಳು ದುರುಗಪ್ಪನ ಕಡೆ ತಿರುಗಿ, "ಅವತ್ತು ತಪ್ಪು ಇದರದ್ದಲ್ಲ. ನಮ್ಮಣ್ಣ ಬಾಲ ಹಿಡಿಸಿದ. ನಾನು ನೋಡ್ದೆ" ಎಂದಳು.

"ನಾನು ಕೇಳ್ಲೇ ಇಲ್ಲವಲ್ಲ ತಾಯಿ" ಎಂದ ದುರುಗಪ್ಪ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣ ಈಗಲೂ ಬಂದುಹೋಗಿ ಮಾಡುತ್ತಾನಂತೆ, ಹಬ್ಬಕ್ಕೆ ಎಲ್ಲರೂ ಸೇರುತ್ತಾರಂತೆ. ಅವನ ಮುಂದೆ ಈ ಮಾತು ಇನ್ನೂ ಆಡಿಲ್ಲವಂತೆ. ಇದನ್ನೆಲ್ಲ ಇಂಚರ ನನ್ನ ಕಿವಿ ನೀವುತ್ತಾ ಸಣ್ಣ ದನಿಯಲ್ಲಿ ಹೇಳಿದಳು.

ಅವರು ಹೋದರು. ಈಗ ನನಗೆ ಕಣ್ಣು ಮಂಜು, ಹಿಂಗಾಲು ಎಳೆಯುತ್ತದೆ. ದಿಮ್ಮಿಗಳ ಸಂದಿ ಬೆಚ್ಚಗಿದೆ, ದುರುಗಪ್ಪ ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಾನೆ. ಪಂಕಜಾಕ್ಷಿಯ ಕಣ್ಣೀರು ಸುಳ್ಳಲ್ಲ ಎಂದು ನನಗೆ ಗೊತ್ತು. ಆದರೆ ಅವಳು ನಿಜ ಹೇಳಿದ್ದು ಅದನ್ನು ಕೇಳದ ಒಬ್ಬ ಮುದುಕನಿಗೆ, ಅದು ಬೇಕಿಲ್ಲದ ಒಂದು ಜಾಗದಲ್ಲಿ.

ಮಾನ್ಯಳಿಗೆ ಈಗ ಒಂಬತ್ತು ವರ್ಷವಂತೆ. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಓಡುತ್ತಾಳಂತೆ. ನಾನು ಯಾಕೆ ಕಚ್ಚಿದೆ ಎಂದು ಆ ಮಗುವಿಗೆ ಯಾರೂ ಇನ್ನೂ ಹೇಳಿಲ್ಲ.