ಪೆಲ್ಲಿಂಗ್ಟನ್ನನ ಅಭಿಮಾನಿ

ಚೆಂಡು ಪೂರ್ಣಿಮಾಳ ಪಕ್ಕೆಲುಬಿಗೆ ಬಡಿದಾಗ ಅವಳ ಗಂಡ ಬದರಿನಾಥ ಪೆಲ್ಲಿಂಗ್ಟನ್ನನ ವಿಷಯ ಹೇಳುತ್ತಿದ್ದ. ಅಮೆರಿಕದ ರೆಂಟನ್ನಿನ ಮನೆಯಲ್ಲಿ ಕಾರನ್ನು ಹೊರಗೆ ನಿಲ್ಲಿಸಿ, ಗರಾಜಿನ ನೆಲಕ್ಕೆ ಮ್ಯಾಟು ಹಾಸಿ ಅವನ ಬ್ಯಾಟಿಂಗ್ ಅಭ್ಯಾಸ. ಅವಳು ಚೆಂಡು ಎಸೆಯಬೇಕು, ಅವನು ಹೊಡೆಯಬೇಕು. ಆಫೀಸಿನಲ್ಲಿ ಯಾರಾದರೂ ಎದುರು ಮಾತಾಡಿದ ದಿನ ಹೊಡೆತಗಳೆಲ್ಲ ನೇರ ಅವಳ ಮೈಗೇ ಬರುತ್ತಿದ್ದವು. ಗಟ್ಟಿ ತೊಗಲಿನ ಚೆಂಡು; ಅದರ ಹೊಲಿಗೆ ಕೂಡ ಚರ್ಮದ ಮೇಲೆ ನೀಲಿಯಾಗಿ ಮೂಡುತ್ತಿತ್ತು.

"ಏಳು, ಏಳು. ನಾಟಕ ಸಾಕು. ಕೈ ಮುಂದ ತಂದಿದ್ರ ಕ್ಯಾಚ್ ಆಗ್ತಿತ್ತು," ಎಂದ.

ಅವಳು ಎದ್ದಳು. ಇನ್ನೊಂದು ಚೆಂಡು ಎಸೆದಳು. ಅದು ತೊಡೆಗೆ ಬಂತು.

ಕ್ರಿಕೆಟ್ಟಿನ ಮನೆಯಲ್ಲಿ ಗಾಯಕ್ಕೆ ಕಾರಣ ಹುಡುಕಬೇಕಾಗಿಲ್ಲ. "ಮತ್ತೆ ಬಾಲ್ ಬಡೀತೇನ್ರೀ? ನಿಮ್ಮನೇಲಿ ಹೆಲ್ಮೆಟ್ ಹಾಕ್ಕೊಂಡೇ ಒಗ್ಗರಣೆ ಹಾಕ್ಬೇಕು ಬಿಡಿ!" ಎಂದು ಅನುಶ್ರೀ ಕನ್ನಡ ಕೂಟದ ಊಟದಲ್ಲಿ ಎಲ್ಲರನ್ನೂ ನಗಿಸಿದ್ದಳು. ಅನುಶ್ರೀಯ ಗಂಡ ಶಶಾಂಕ್ ಬದರಿನಾಥನ ತಂಡದವನೇ. ಪೂರ್ಣಿಮಾ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ನಗುವಾಗ ಪಕ್ಕೆ ಹಿಡಿದುಕೊಂಡರೆ ಅದೂ ನಗುವಿನಂತೆಯೇ ಕಾಣುತ್ತದೆ.

ಅವಳು ತನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಅವನ ಸಿಟ್ಟೆಲ್ಲ ತನ್ನ ಮೈಮೇಲೆ ತೀರಿಹೋದರೆ, ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದುವ ಹದಿನೈದರ ಮಗಳು ಕೀರ್ತಿಯವರೆಗೆ ಅದು ಮೆಟ್ಟಿಲು ಹತ್ತುವುದಿಲ್ಲ. ಅಷ್ಟಾದರೆ ಸಾಕು. ಉಳಿದದ್ದನ್ನು ಮೈ ತಡೆಯುತ್ತದೆ ಎಂದುಕೊಂಡೇ ಸಂಜೆಯ ಕೆಲಸಕ್ಕೆ ಹೋಗಿಬರುತ್ತಿದ್ದಳು.

ಪೆಲ್ಲಿಂಗ್ಟನ್ ವಿಕ್ಟೋರಿಯಾ ರಾಣಿಯ ಕಾಲದವನು, ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ತಂಡದಲ್ಲಿ ಆಡಿದವನು. ಬದರಿನಾಥ ಅವನ ಜೀವನಚರಿತ್ರೆ ಬರೆಯುತ್ತಿದ್ದ. ಆ ಕಾಲದಲ್ಲಿ ಕೂಲಿಗೆ ಆಡುವವರು ಮೈದಾನಕ್ಕೆ ಬರುವ ಗೇಟೇ ಬೇರೆ, ಹವ್ಯಾಸಕ್ಕೆ ಆಡುವ ಸಭ್ಯರ ಗೇಟೇ ಬೇರೆಯಂತೆ. ಪೆಲ್ಲಿಂಗ್ಟನ್ ಸಭ್ಯರ ಗೇಟಿನವನು. ಬ್ಯಾಟಿಗೆ ಚೆಂಡು ಸವರಿದ್ದು ತನಗೆ ಗೊತ್ತಾದರೆ ಅಂಪೈರನ ಬೆರಳಿಗೆ ಕಾಯದೆ ಹೊರನಡೆಯುತ್ತಿದ್ದ. "ನಾನೂ ಹಂಗೇ," ಎಂದು ಬದರಿನಾಥ ಹೊಸಬರಿಗೆಲ್ಲ ಹೇಳುವನು. ಊರೆಲ್ಲ ಅದನ್ನು ನಂಬಿತ್ತು.

ಆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಕಥೆ. "ಅವನ ಹೆಂಡತಿ ಮೇರಿ ಮೆಟ್ಟಲದಿಂದ ಬಿದ್ದು ಸತ್ಲು, ಪಾಪ. ಮಣ್ಣು ಮಾಡಿ ಬಂದವನೇ ಮ್ಯಾಚ್ ಆಡಿ ಸೆಂಚುರಿ ಹೊಡದಾನ. ಎಂಥಾ ಮನಸು ನೋಡು!"

ಪೂರ್ಣಿಮಾಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಅವಳೂ ಎರಡು ಸಲ ಆಸ್ಪತ್ರೆಯಲ್ಲಿ ಮೆಟ್ಟಿಲಿನಿಂದ ಬಿದ್ದೆ ಎಂದು ಹೇಳಿದ್ದವಳು. ನೂರಾರು ವರ್ಷದ ಹಿಂದಿನ ಆ ಹೆಂಗಸಿನ ಮುಖ ಅವಳಿಗೆ ತಿಳಿಯದು, ಬಿದ್ದ ಬಗೆ ಮಾತ್ರ ಚೆನ್ನಾಗಿ ತಿಳಿಯಿತು. ಮೇರಿ ಯಾರಿಗೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು.

ಭಾನುವಾರ ಊರಾಚೆಯ ಪಾರ್ಕಿನಲ್ಲಿ ಪಂದ್ಯ. ಆ ಲೀಗಿನಲ್ಲಿ ಬ್ಯಾಟು ಮಾಡುವ ತಂಡದವರೇ ಅಂಪೈರ್ ಕೊಡಬೇಕು. ಕೊಡದಿದ್ದರೆ ಅಂಕ ಕಡಿತ. ಅದಕ್ಕೇ ಬದರಿನಾಥ ಹೆಂಡತಿಯನ್ನು ಅಂಪೈರ್ ಪರೀಕ್ಷೆಗೆ ಕೂರಿಸಿದ್ದ. ಮನೆಯವಳಾದರೆ ಮನೆಯ ಪರವೇ ಅಲ್ಲವೇ ಎಂಬುದು ಅವನ ಲೆಕ್ಕ. ಗಾಳಿಯಲ್ಲಿ ಕಾಟನ್‌ವುಡ್ ಮರಗಳ ಹತ್ತಿ ಹಾರುತ್ತಿತ್ತು. ಕೀರ್ತಿ ಹುಲ್ಲಿನ ಮೇಲೆ ಫೋನು ಹಿಡಿದು ಕೂತಿದ್ದಳು.

ಗೆಲ್ಲಲು ನಾಲ್ಕು ರನ್ ಬೇಕಿದ್ದಾಗ ಚೆಂಡು ಬದರಿನಾಥನ ಬ್ಯಾಟಿನ ಅಂಚಿಗೆ ತಾಗಿ ಕೀಪರನ ಕೈ ಸೇರಿತು. ಟಕ್ ಎಂದ ಸದ್ದು ಅಂಗಳಕ್ಕೆಲ್ಲ ಕೇಳಿತು. ಎದುರು ತಂಡದ ನಾಯಕ ರೋಹನ್ ಕೂಗಿಕೊಂಡ. ಬದರಿನಾಥ ಹೊರನಡೆಯಲಿಲ್ಲ. ನಿಂತಲ್ಲೇ ನಿಂತು, ಅಂಪೈರಾಗಿದ್ದ ಪೂರ್ಣಿಮಾಳನ್ನು ನೋಡಿದ. ಗರಾಜಿನ ಬಾಗಿಲು ಕೆಳಗಿಳಿಯುವಾಗ ನೋಡುವ ಅದೇ ನೋಟ.

ತಲೆ ಅಲ್ಲಾಡಿಸಿದರೆ ಈ ರಾತ್ರಿ ತಣ್ಣಗಿರುತ್ತದೆ. ಅವಳಿಗೆ ಅದೆಲ್ಲ ಗೊತ್ತಿತ್ತು. ಆದರೂ ಬೆರಳು ಎತ್ತಿದಳು.

ಅವನು ನಗುತ್ತಲೇ ಅವಳ ಹತ್ತಿರ ಬಂದ. ಹೆಂಡತಿಯ ಕೈ ಕುಲುಕಲು ಬಂದನೆಂದು ಯಾರೋ ಚಪ್ಪಾಳೆ ಕೂಡ ತಟ್ಟಿದರು. "ಮನಿಗೆ ನಡಿ. ಗರಾಜಿನ್ಯಾಗ ತೋರಸ್ತೀನಿ," ಎಂದ, ಹಲ್ಲು ಕಚ್ಚಿಕೊಂಡು.

"ಅಲ್ಲ್ಯಾಕ್ರೀ?" ಅವಳ ದನಿ ಅವಳಿಗೇ ಹೊಸದಾಗಿತ್ತು. "ಇಲ್ಲೇ ಹೊಡೀರಿ. ಎಲ್ಲಾರೂ ನೋಡ್ಲಿ."

ಬ್ಯಾಟು ಮೊದಲು ಬಲ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ಆಗಿನ ಟಕ್‌ಗಿಂತ ದೊಡ್ಡದಾಗಿತ್ತು. ಎರಡನೆಯದು ಹೆಗಲಿಗೆ. ಬಿದ್ದವಳ ಬೆನ್ನಿಗೆ ಮತ್ತೊಂದು. ಬಾಯಿಗೆ ಮಣ್ಣು, ರಕ್ತ, ಮರದ ಹತ್ತಿ ಸೇರಿಕೊಂಡವು. ರೋಹನ್ ಓಡಿಬಂದು ಅವನನ್ನು ಕೆಡವಿದ, ಇನ್ನಿಬ್ಬರು ಅವನ ಮೇಲೆ ಕೂತರು. "ನಾಟ್ ಔಟ್! ಅದು ಪ್ಯಾಡು!" ಎಂದು ಬದರಿನಾಥ ಹುಲ್ಲಿಗೆ ಮುಖವೊತ್ತಿ ಅರಚುತ್ತಿದ್ದ.

ದೂರದಲ್ಲಿ ಸೈರನ್ ಕೇಳುತ್ತಲೇ ಶಶಾಂಕ್ ಪೂರ್ಣಿಮಾಳ ಪಕ್ಕದಲ್ಲಿ ಕುಕ್ಕರಿಸಿದ. "ಅತ್ತಿಗೆ, ಬಾಲ್ ತಗುಲ್ತು ಅಂದ್ಬಿಡಿ, ಪ್ಲೀಸ್. ಅಣ್ಣ ಟೆನ್ಶನ್‌ನಲ್ಲಿ ಇದ್ರು. ಕೇಸ್ ಆದ್ರೆ ಕೆಲಸ, ವೀಸಾ ಎಲ್ಲಾ ಹೋಗತ್ತೆ. ಕೀರ್ತಿ ಮುಖ ನೋಡಿ."

"ಸುಮ್ನಿರ್ರೀ ನೀವು!" ಎಂದು ಅನುಶ್ರೀ ಗಂಡನ ಭುಜ ಹಿಡಿದು ಆಚೆಗೆ ನೂಕಿದಳು. ಪೂರ್ಣಿಮಾಳನ್ನು ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಬಂದ ಪೊಲೀಸು ಹೆಂಗಸು, ಹೇಗಾಯಿತು ಎಂದಳು. ಪೂರ್ಣಿಮಾ ತನಗೆ ಬಂದ ಇಂಗ್ಲಿಷಿನಲ್ಲಿ ಗಂಡ ಬ್ಯಾಟಿನಲ್ಲಿ ಹೊಡೆದ ಎಂದಳು. ಇವತ್ತಷ್ಟೇ ಅಲ್ಲ, ಹನ್ನೊಂದು ವರ್ಷದಿಂದ ಎಂದಳು. ಒಮ್ಮೆ ಬಾಯಿ ತೆರೆದ ಮೇಲೆ ಮಾತು ನಿಲ್ಲಲಿಲ್ಲ. ಗರಾಜು, ಚೆಂಡು, ಬಿಸಿ ಕಾವಲಿ, ಆಸ್ಪತ್ರೆಯ ಸುಳ್ಳು. ಹೇಳುತ್ತ ಹೇಳುತ್ತ ಮುರಿದ ಕೈಯ ನೋವು ಎಲ್ಲೋ ಹಿಂದೆ ಸರಿಯಿತು. ಆಂಬುಲೆನ್ಸಿನವರು ಅವಳನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಪಟ್ಟಿ ಬಿಗಿಯತೊಡಗಿದರು. ಕೀರ್ತಿ ಬಂದು ತಾಯಿಯ ತಲೆಯ ಬಳಿ ನಿಂತಳು.

ಮನೆಯಲ್ಲಿ ಬೇರೆ ಯಾರಿಗಾದರೂ ಹೊಡೆಯುತ್ತಿದ್ದನೇ ಎಂದು ಪೊಲೀಸು ಹೆಂಗಸು ಕೇಳಿದಳು.

"ಇಲ್ಲ," ಎಂದಳು ಪೂರ್ಣಿಮಾ. ಆ ಒಂದು ಮಾತಿಗಾಗಿಯೇ ಅಲ್ಲವೇ ಇಷ್ಟು ವರ್ಷ.

"ಯೆಸ್," ಎಂದಳು ಕೀರ್ತಿ, ಅದೇ ಕ್ಷಣಕ್ಕೆ. "ಮಿ ಟೂ. ವೆನ್ ಅಮ್ಮ ವಾಸ್ ಅಟ್ ವರ್ಕ್."

ಪೂರ್ಣಿಮಾ ಮಗಳ ಮುಖ ನೋಡಿದಳು. ಬೇಸಿಗೆಯ ಬಿಸಿಲಲ್ಲೂ ಹುಡುಗಿ ಉದ್ದ ತೋಳಿನ ಅಂಗಿ ತೊಟ್ಟಿದ್ದಳು.

ಹುಲ್ಲಿನಾಚೆ ಬದರಿನಾಥನಿಗೆ ಬೇಡಿ ತೊಡಿಸುತ್ತಿದ್ದರು. ಪೂರ್ಣಿಮಾ ಬಿಗಿಯುತ್ತಿದ್ದ ಪಟ್ಟಿ ಕಿತ್ತೆಸೆದು ಕೆಳಗಿಳಿದಳು. ಮುರಿದ ಕೈ ತೊನೆಯುತ್ತಿದ್ದಂತೆಯೇ ಓಡಿದಳು. ಒಂದು ಸ್ಟಂಪು ಕಿತ್ತು ಎಡಗೈಯಲ್ಲಿ ಹಿಡಿದಳು. ಅದರ ಮೊನೆ ಅವನ ಬಾಯಿಗೆ ಬಡಿಯಿತು. ಎರಡನೆಯ ಹೊಡೆತಕ್ಕೆ ಮೊದಲು ಅವಳನ್ನು ಹಿಡಿದು ನಿಲ್ಲಿಸಲು ಮೂವರು ಬೇಕಾದರು.